ರಾಯಕೋಟೆಯ ಕುಂಕುಮ

ನಾನು ರಾಯಕೋಟೆಗೆ ಕೆಲಸಕ್ಕೆ ಹೋದದ್ದು ಮುತ್ತೈದೆಯಾಗಿ. ಬಳ್ಳಾರಿಯಲ್ಲಿ ರೈಲು ಹತ್ತುವಾಗ ವಿಧವೆಯಾಗಿದ್ದೆ. ನಡುವೆ ಮದುವೆಯೇನೂ ಆಗಿರಲಿಲ್ಲ. ಬೆಂಗಳೂರಿನ ಸ್ಟೇಷನ್ನಿನಲ್ಲಿ ಒಂದು ನಲ್ಲಿ ಇತ್ತು, ಅದರಿಂದ ನಾಲ್ಕು ಮಾರು ದೂರದಲ್ಲಿ ಒಬ್ಬ ಬಳೆಗಾರ ಕೂತಿದ್ದ, ಅಷ್ಟೆ.

ಉಪಾಯ ನನ್ನದಲ್ಲ. ನನಗೆ ಹೆರಿಗೆ ಕೆಲಸ ಕಲಿಸಿದ ದೊಡ್ಡ ನರ್ಸಮ್ಮ ಹೇಳಿಕೊಟ್ಟದ್ದು. ಬರೀ ಹಣೆಯಲ್ಲಿ ಹೋದರೆ ಯಾವ ಬಸುರಿಯ ಮನೆಯವರೂ ನಿನ್ನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಗಂಡ ಯುದ್ಧಕ್ಕೆ ಹೋಗಿದ್ದಾನೆ ಅಂದುಬಿಡು ಎಂದರು. ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬ ಮಾತು ಸುಳ್ಳಲ್ಲವೆಂದು ನನಗೂ ಗೊತ್ತಿತ್ತು. ಬಳ್ಳಾರಿಯಲ್ಲಿ ಕಲಿಯುತ್ತಿದ್ದಾಗಲೇ ಒಂದು ಮನೆಯಲ್ಲಿ, ಒಳಗೆ ಸೊಸೆ ನೋವಿನಿಂದ ಚೀರುತ್ತಿದ್ದರೂ, ಅತ್ತೆಯಾದವಳು ನನ್ನ ಮುಖ ನೋಡಿ ಬಾಗಿಲಿಗೆ ಅಡ್ಡ ನಿಂತಿದ್ದಳು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಜಿಲ್ಲಾ ಬೋರ್ಡಿನವರ ಕಾಗದದಲ್ಲಿ ನಾನು ವಿಧವೆಯೇ. ಆದರೆ ಆ ಕಾಗದ ಸೇಲಂನಲ್ಲಿತ್ತು, ಹಣೆ ನನ್ನ ಹತ್ತಿರ ಇತ್ತು. ಇದರಲ್ಲಿ ತಪ್ಪಿದೆ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ನನಗೆ ಬೇಕಾಗಿದ್ದುದು ಒಂದೇ. ಕೆಲಸ ಕಾಯಂ ಆಗಬೇಕು, ಅಣ್ಣನ ಮನೆಯಲ್ಲಿ ಬಿಟ್ಟುಬಂದ ಮಗಳನ್ನು ಕರೆಸಿಕೊಳ್ಳಬೇಕು. ಅವಳಿಗಾಗ ನಾಲ್ಕು ವರ್ಷ. ನಾನು ಹೊರಟಾಗ ಅವಳು ಅಳಲಿಲ್ಲ. ಅತ್ತಿಗೆ ಅವಳ ಕೈಗೆ ಕೊಬ್ಬರಿ ಬೆಲ್ಲ ಕೊಟ್ಟಿದ್ದಳು, ಅದನ್ನು ತಿನ್ನುವುದರಲ್ಲೇ ಇದ್ದಳು. ಅತ್ತಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

ಬಳೆಗಾರ ನನ್ನ ಕೈ ಹಿಡಿದು ಹಿಂಡಿ ಹಿಂಡಿ ಬಳೆ ತೊಡಿಸಿದ. ಅಭ್ಯಾಸ ತಪ್ಪಿ ಕೈ ಬಿರುಸಾಗಿತ್ತು, ಒಂದೆರಡು ಬಳೆ ಒಡೆದವು. ಗಂಡನ ಮನೆಗೆ ಹೊರಟಿದ್ದೀಯಾ ತಾಯಿ ಎಂದು ಕೇಳಿದ. ಕೆಲಸಕ್ಕೆ ಅಂದೆ. ನಕ್ಕುಬಿಟ್ಟ.

ಹೊಸೂರಿನಿಂದ, ಪೆಟ್ರೋಲಿನ ಬದಲು ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನಡೆಯುತ್ತಿದ್ದರು. ಕೋಟೆಯ ಗುಡ್ಡ ಕಾಣಿಸಿದ ಮೇಲೂ ಊರು ತಲುಪಲು ಮಧ್ಯಾಹ್ನವೆಲ್ಲ ಬೇಕಾಯಿತು. ಅಲ್ಲಿ ಒಬ್ಬರೂ ಪರಿಚಯದವರಿಲ್ಲ. ಪರಿಚಯದವರು ಇಲ್ಲದ್ದೇ ಆ ಊರಿನ ದೊಡ್ಡ ಗುಣ ಎಂದುಕೊಂಡೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅರ್ಧ ಮನೆ ಬಾಡಿಗೆಗೆ ಸಿಕ್ಕಿತು. ಉಳಿದರ್ಧದಲ್ಲಿ ಮನೆಯೊಡತಿ. ಅವರೂ ಗಂಡನನ್ನು ಕಳೆದುಕೊಂಡವರೇ. ಎಮ್ಮೆ ಕಟ್ಟಿಕೊಂಡು ಮೊಸರು ಮಾರುತ್ತಿದ್ದರು. ನನ್ನೊಡನೆ ಕನ್ನಡ, ಮೊಸರಿಗೆ ಬಂದವರೊಡನೆ ತಮಿಳು, ಎಮ್ಮೆಯನ್ನು ಬೈಯುವುದಕ್ಕೆ ತೆಲುಗು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ. ಮೊದಲ ದಿನವೇ ಯಜಮಾನರೆಲ್ಲಿ ಎಂದು ಕೇಳಿದರು. ಯುದ್ಧಕ್ಕೆ ಹೋಗಿದ್ದಾರೆ ಅಂದೆ. ಯಾವ ಕಡೆಗೆ ಅಂದರು. ಅದನ್ನು ನಾನು ಯೋಚಿಸಿಕೊಂಡು ಬಂದಿರಲಿಲ್ಲ. ಜಪಾನಿನವರು ಸಿಂಗಪುರ ಹಿಡಿದ ವರ್ಷ ಅದು, ಎಲ್ಲರ ಬಾಯಲ್ಲೂ ಅದೇ ಹೆಸರು. ನನ್ನ ಬಾಯಲ್ಲೂ ಅದೇ ಬಂತು.

ಆಕೆ ಮೊಸರಿನ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ನನ್ ಮಗನೂ ಅಲ್ಲೇ ಅವ್ನೆ ಕಣವ್ವಾ," ಅಂದರು.

ಒಬ್ಬನೇ ಮಗ. ಸಿಂಗಪುರ ಬಿದ್ದ ಮೇಲೆ ಕಾಗದ ನಿಂತುಹೋಗಿತ್ತು. ನನಗೂ ಕಾಗದ ಬರುವುದಿಲ್ಲವೆಂದು ತಿಳಿದಾಗ ಆಕೆಗೆ ಸಮಾಧಾನವೇ ಆಯಿತು. ಇಬ್ಬರಿಗೂ ಬರುತ್ತಿಲ್ಲವೆಂದರೆ ಕೆಟ್ಟಿರುವುದು ಟಪಾಲು, ಮನುಷ್ಯರಲ್ಲ. ಅಂದಿನಿಂದ ದೇವರ ಮುಂದೆ ಎರಡು ದೀಪ ಹಚ್ಚತೊಡಗಿದರು, ಒಂದು ಮಗನಿಗೆ, ಒಂದು ಕಾಲರಾದಲ್ಲಿ ಸತ್ತು ಮಣ್ಣಾಗಿದ್ದ ನನ್ನ ಗಂಡನಿಗೆ. ಎಣ್ಣೆ ಸಿಗುವುದೇ ಕಷ್ಟವಾಗಿದ್ದ ಕಾಲ.

ಕುಂಕುಮ ತನ್ನ ಕೆಲಸ ಮಾಡಿತು. ಮೊದಲು ನಮ್ಮ ಬೀದಿಯವರು ಕರೆದರು, ಆಮೇಲೆ ಸುತ್ತಿನ ಹಳ್ಳಿಗಳವರು ಗಾಡಿ ಕಟ್ಟಿಕೊಂಡು ಬಂದರು. ಮುತ್ತೈದೆಯ ಕೈ, ಒಳ್ಳೇ ಕೈ ಎಂದರು. ಕೈ ಅದೇ ಕೈ. ಬಳ್ಳಾರಿಯಲ್ಲಿ ಬಾಗಿಲಾಚೆ ನಿಲ್ಲಿಸಿದ ಕೈಗೆ ಇಲ್ಲಿ ಅರಿಸಿನ ಹಚ್ಚಿ, ಮಡಿಲಿಗೆ ತೆಂಗಿನಕಾಯಿ ಹಾಕಿ ಕಳಿಸುತ್ತಿದ್ದರು. ನಗು ಬರುತ್ತಿತ್ತು, ಹೊಟ್ಟೆಯೂ ಉರಿಯುತ್ತಿತ್ತು. ಎರಡು ವರ್ಷಕ್ಕೆ ಕೆಲಸ ಕಾಯಂ ಆಯಿತು.

ಕಾಯಂ ಆದ ದಿನ ನನಗೆ ಹೊಳೆದದ್ದು, ಮಗಳನ್ನು ಕರೆತರುವ ಹಾಗಿಲ್ಲ ಎಂಬುದು. ಮೊದಲೇ ಹೊಳೆಯಬೇಕಿತ್ತು, ಹೊಳೆದಿರಲಿಲ್ಲ. ಆರು ವರ್ಷದ ಹುಡುಗಿ. ನಿಮ್ಮಪ್ಪ ಎಲ್ಲಿ ಎಂದು ಯಾರಾದರೂ ಕೇಳಿದರೆ ಸತ್ತುಹೋದ ಅನ್ನುತ್ತಾಳೆ. ಅವಳಿಗೆ ಗೊತ್ತಿರುವುದು ಅಷ್ಟೇ. ಯಾವ ಕೆಲಸವನ್ನು ಅವಳಿಗಾಗಿ ಹಿಡಿದೆನೋ ಆ ಕೆಲಸವೇ ಅವಳನ್ನು ಹೊರಗಿಟ್ಟಿತು.

ಆದರೂ ಒಂದು ದಾರಿ ಉಳಿದಿತ್ತು. ಯುದ್ಧ ಮುಗಿಯಲಿ, ನನ್ನ ಗಂಡ ಅಲ್ಲಿ ಸತ್ತನೆಂದು ಸುದ್ದಿ ಬರಲಿ. ಊರಿನವರು ನಾಲ್ಕು ದಿನ ಅಳುತ್ತಾರೆ. ಅಷ್ಟರಲ್ಲಿ ಅರ್ಧ ಊರಿನ ಮಕ್ಕಳನ್ನು ಎತ್ತಿದ ಕೈಯಾಗಿರುತ್ತದೆ, ಬರೀ ಹಣೆಯಾದರೂ ನನ್ನನ್ನು ಬಿಡುವುದಿಲ್ಲ. ಆಮೇಲೆ ಮಗಳು ಬರಬಹುದು, ನಿಜವನ್ನೇ ಹೇಳಬಹುದು. ಹೀಗೆ ಲೆಕ್ಕ ಹಾಕಿಕೊಂಡು ಕಾದೆ.

ವರ್ಷಕ್ಕೊಮ್ಮೆ ರಜೆ ಸಿಗುತ್ತಿತ್ತು. ಅಣ್ಣನ ಮನೆಯಲ್ಲಿ ಮಗಳಿದ್ದಾಳೆ, ನೋಡಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿ ಹೊರಡುತ್ತಿದ್ದೆ. ಹೋಗುವಾಗ ಬೆಂಗಳೂರಿನ ನಲ್ಲಿಯಲ್ಲಿ ಹಣೆ ತೊಳೆದು, ಕಟ್ಟೆಯ ಕಲ್ಲಿಗೆ ಬಳೆ ಒಡೆದುಕೊಳ್ಳುತ್ತಿದ್ದೆ. ಬರುವಾಗ ಅದೇ ಬಳೆಗಾರನ ಹತ್ತಿರ ಕೈ ಚಾಚುತ್ತಿದ್ದೆ. ಅವನು ಏನೆಂದುಕೊಂಡನೋ, ಮತ್ತೆ ಯಾವತ್ತೂ ಏನೂ ಕೇಳಲಿಲ್ಲ. ಗಂಡ ಸತ್ತಾಗ ನನ್ನ ಬಳೆ ಒಡೆಯಲು ನಾಲ್ಕು ಜನ ಹೆಂಗಸರು ಹಿಡಿದುಕೊಂಡಿದ್ದರು. ಈಗ ಒಬ್ಬಳೇ ಒಡೆದುಕೊಳ್ಳುತ್ತಿದ್ದೆ, ಆಗಿನಷ್ಟೇ ನೋವಾಗುತ್ತಿತ್ತು. ಅಣ್ಣನ ಮನೆಯಲ್ಲಿ ಮಗಳು ನನ್ನ ಅತ್ತಿಗೆಯನ್ನು ಅವ್ವ ಎನ್ನುತ್ತಿದ್ದಳು. ನನ್ನನ್ನೂ ಅವ್ವ ಎನ್ನುತ್ತಿದ್ದಳು, ಯಾರಾದರೂ ನೆನಪು ಮಾಡಿದರೆ.

ಯುದ್ಧ ಮುಗಿಯಿತು. ಕಂಬಳಿ ಹೊದ್ದ, ಕೆನ್ನೆ ಒಳಗೆ ಹೋದ ಗಂಡಸರು ಒಬ್ಬೊಬ್ಬರಾಗಿ ಬಸ್ಸಿನಿಂದ ಇಳಿಯತೊಡಗಿದರು. ಅಮ್ಮ ಸಂಜೆಯ ಬಸ್ಸಿಗೆ ಹೋಗಿ ನಿಲ್ಲುತ್ತಿದ್ದರು. ನಾನು ಬಿಡುವಾಗಿದ್ದರೆ ನನ್ನನ್ನೂ ತಲೆ ಬಾಚಿಸಿ ಕರೆದೊಯ್ಯುತ್ತಿದ್ದರು. ಬಂದವರನ್ನೆಲ್ಲ ನಿಲ್ಲಿಸಿ ಮಗನ ಗುರುತು ಹೇಳಿ ಕೇಳುತ್ತಿದ್ದರು, ಆಮೇಲೆ ನನ್ನ ಗಂಡನ ಗುರುತು ಹೇಳು ಎಂದು ನನ್ನ ಕಡೆ ತಿರುಗುತ್ತಿದ್ದರು. ನಾನು ಅವನ ನಿಜವಾದ ಗುರುತನ್ನೇ ಹೇಳುತ್ತಿದ್ದೆ, ಬಲಗಿವಿಯ ಹಿಂದಿನ ಮಚ್ಚೆಯನ್ನೂ ಸೇರಿಸಿ. ಯಾರೂ ಕಂಡಿರಲಿಲ್ಲ.

ಒಂದು ವರ್ಷ ಕಳೆಯಿತು. ಬರುವವರು ನಿಂತರು. ಇನ್ನು ತಡೆಯಬಾರದೆಂದು ಒಂದು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಅವರು ಹಾಲು ಕರೆಯುವಲ್ಲಿಗೆ ಹೋದೆ. ಅಮ್ಮಾ, ಸುದ್ದಿ ಬಂದಿದೆ ಅಂದೆ. ಆಕೆ ನನ್ನ ಮುಖ ನೋಡಿದರು. ಪಾತ್ರೆಯನ್ನು ಕೆಳಗಿಟ್ಟು, ಎಮ್ಮೆಯ ಕಾಲ ಹತ್ತಿರವೇ ಕುಸಿದು ಕೂತರು.

"ಬ್ಯಾಡ, ಯೋಳಬ್ಯಾಡ. ನಿನ್ ಹಣೆ ನೋಡ್ಕೊಂಡೇ ಕಣವ್ವಾ ನಾನು ದಿನಾ ಎದ್ದು ಒಲೆ ಹಚ್ತಾ ಇರೋದು. ನಿನ್ ಗಂಡ ಅವ್ನೆ ಅಂದ್ರೆ ನನ್ ಮಗನೂ ಅವ್ನೆ."

ನನ್ನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಸುದ್ದಿ ಸಿಂಗಪುರದ್ದಲ್ಲ, ಬಳ್ಳಾರಿಯದು, ಮಗಳಿಗೆ ಜ್ವರವಂತೆ ಅಂದೆ. ಆಕೆಗೆ ಹೋದ ಜೀವ ಬಂತು. ಹೋಗಿ ನೋಡಿಕೊಂಡು ಬಾ, ಆಗುವುದಾದರೆ ಇಲ್ಲಿಗೇ ಕರೆದುಕೊಂಡು ಬಾ ಎಂದು ಹೇಳಿ, ದಾರಿಗೆ ಬುತ್ತಿ ಕಟ್ಟಿಕೊಟ್ಟರು.

ಬಸ್ಸಿನಲ್ಲಿ ಕೂತು ನಿಶ್ಚಯ ಮಾಡಿದೆ. ಮಗಳು ಈಗ ದೊಡ್ಡವಳು. ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳುತ್ತೇನೆ, ಸುಳ್ಳನ್ನೂ ಕಲಿಸುತ್ತೇನೆ, ಕರೆದುಕೊಂಡೇ ಬರುತ್ತೇನೆ. ಬೆಂಗಳೂರಿನಲ್ಲಿ ಯಾವಾಗಿನಂತೆ ಹಣೆ ಉಜ್ಜಿದೆ. ಯುದ್ಧದ ವರ್ಷಗಳಲ್ಲಿ ಸಿಗುತ್ತಿದ್ದುದು ಅಗ್ಗದ ಕುಂಕುಮ, ಅದರಲ್ಲಿ ಏನು ಬಣ್ಣ ಬೆರೆಸುತ್ತಿದ್ದರೋ. ಹಣೆಯ ನಡುವೆ ಚರ್ಮ ಕಪ್ಪಾಗಿತ್ತು. ಹಿಂದಿನ ವರ್ಷ ಮಾಸಲಾಗಿದ್ದ ಕಲೆ ಈಗ ಕಾಸಿನಗಲ ಕೂತಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ನನ್ನ ಹಣೆಯನ್ನು ಯಾರು ನೋಡುತ್ತಾರೆ ಎಂದುಕೊಂಡು ಸೆರಗು ಮುಂದಕ್ಕೆಳೆದುಕೊಂಡು ಹೋದೆ.

ಅತ್ತಿಗೆ ನೋಡಿದಳು. ಹೊಸಿಲಲ್ಲೇ ನಿಲ್ಲಿಸಿ ಸೆರಗು ಸರಿಸಿ ನೋಡಿದಳು.

"ಯಾರವ? ಖರೇ ಹೇಳು," ಅಂದಳು.

ಖರೇನೇ ಹೇಳಿದೆ. ಬಾಗಿಲಿಗೆ ಅಡ್ಡ ನಿಂತ ಅತ್ತೆಯಿಂದ ಹಿಡಿದು ಎರಡು ದೀಪದವರೆಗೆ ಎಲ್ಲ ಹೇಳಿದೆ. ಅಣ್ಣ ಗೋಡೆ ನೋಡುತ್ತ ಕೇಳಿದ. ಕಡೆಗೆ, ಗಂಡನಿಲ್ಲದೆ ಯಾವಳಾದರೂ ವರ್ಷಗಟ್ಟಲೆ ಕುಂಕುಮ ಇಟ್ಟುಕೊಳ್ಳುತ್ತಾಳೇನು, ನನಗೆ ಕಥೆ ಹೇಳಬೇಡ, ಹುಡುಗಿಯನ್ನು ಅಂಥ ಮನೆಗೆ ಕಳಿಸುವುದಿಲ್ಲ ಅಂದ. ಸುಳ್ಳನ್ನು ಒಂದೂರು ಪೂರ್ತಿ ನಂಬಿತ್ತು. ನಿಜವನ್ನು ನಂಬಲು ನನ್ನ ಒಡಹುಟ್ಟಿದವನೂ ಸಿಗಲಿಲ್ಲ ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದ ಮಗಳು ಹತ್ತಿರ ಬಂದಳು. ತಾನಾಗಿ ಬಂದದ್ದು ಅದೇ ಮೊದಲು. ನನ್ನ ಹಣೆಯ ಕಲೆಯನ್ನು ಬೆರಳಲ್ಲಿ ಮುಟ್ಟಿದಳು. ನಮ್ಮ ಮಾತಿನಲ್ಲಿ ಅವಳು ಹಿಡಿದುಕೊಂಡದ್ದು ಒಂದನ್ನೇ.

"ಅವ್ವಾ, ಅಪ್ಪ ಬದುಕ್ಯಾನೇನು?"

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಇಲ್ಲ ಮಗಾ, ಸತ್ತು ಬಹಳ ವರ್ಷ ಆಯಿತು ಅಂದೆ. ಅವಳು ಬೆರಳು ತೆಗೆದು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು. ಮಾರನೆಯ ದಿನ ನಾನು ಹೊರಡುವಾಗ ಹೊರಗೆ ಬರಲಿಲ್ಲ. ಅತ್ತಿಗೆ ಕರೆಯಲೂ ಇಲ್ಲ.

ಬೆಂಗಳೂರಿನಲ್ಲಿ ಬಳೆ ತೊಡಿಸಿಕೊಂಡೆ. ಕುಂಕುಮಕ್ಕೆ ಕನ್ನಡಿ ಬೇಕಾಗಲಿಲ್ಲ, ಕಲೆಯ ಜಾಗ ಬೆರಳಿಗೇ ತಿಳಿಯುತ್ತಿತ್ತು.

ರಾಯಕೋಟೆಯಲ್ಲಿ ಸಂಜೆಯ ಬಸ್ಸಿಗೆ ಅಮ್ಮ ಬಂದು ನಿಂತಿದ್ದರು. ಮಗುವಿಗೆ ವಾಸಿಯಾಯಿತೇ ಎಂದು ಕೇಳಿದರು. ವಾಸಿಯಾಯಿತು ಅಂದೆ. ಮತ್ತೆ ಯಾಕೆ ಕರೆತರಲಿಲ್ಲ ಅಂದರು. ಅವರಪ್ಪ ಬಂದ ಮೇಲೆ ಕರೆಸಿಕೊಳ್ಳುತ್ತೇನೆ ಅಂದೆ. ಅದೇ ಸರಿ ಎಂದು ತಲೆಯಾಡಿಸಿ, ನನ್ನ ಗಂಟನ್ನು ತಾವು ತೆಗೆದುಕೊಂಡರು.

ಎಲ್ಲರೂ ಇಳಿದಾಗಿತ್ತು. ಆದರೂ ಅಮ್ಮ ಬಸ್ಸಿನ ಮೆಟ್ಟಿಲು ಹತ್ತಿ ಒಳಗೆ ಕಡೆಯ ಸೀಟಿನವರೆಗೆ ಒಮ್ಮೆ ಇಣುಕಿದರು. ಅವರ ಹಿಂದೆ ನಿಂತು ನಾನೂ ನೋಡಿದೆ.