ಶಿವಮಲ್ಲು ಎತ್ತದ ಕೈ

ಯಳಂದೂರಿನ ಕಡೆಯ ಶಿವಮಲ್ಲು ಜರ್ಮನಿಗೆ ಓದಲು ಹೋದದ್ದು ಅರವತ್ತೊಂದರಲ್ಲಿ. ಮೈಸೂರಿನ ಹರಿಜನ ಹಾಸ್ಟೆಲಿನಲ್ಲಿ ಉಂಡು, ಮೀಸಲು ಸೀಟಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಲೋಹಶಾಸ್ತ್ರ ಕಲಿಯಲು ಹೊರಟವನು. ಮೂರು ವರ್ಷದ ಮೇಲೆ ನ್ಯೂರೆಂಬರ್ಗಿನ ಒಂದು ಎರಕದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಮನೆ ಮಾತ್ರ ಸಿಗಲಿಲ್ಲ. ಫೋನಿನಲ್ಲಿ 'ಬನ್ನಿ' ಎಂದವರು ಬಾಗಿಲು ತೆರೆದು ಅವನ ಮುಖ ನೋಡಿದ ಕೂಡಲೇ 'ರೂಮು ಈಗಷ್ಟೇ ಹೋಯಿತು' ಎನ್ನುತ್ತಿದ್ದರು.

ಕೊನೆಗೆ ಜಾಗ ಕೊಟ್ಟವನು ಕುಲುಮೆಯ ಮೇಸ್ತ್ರಿ ಗೆರ್ಹಾರ್ಟ್ ಲಿಂಡ್ನರ್. ಹೆಂಡತಿ ಸತ್ತವನು, ಅಟ್ಟದ ಮೇಲಿನ ಕೋಣೆ ಖಾಲಿಯಿತ್ತು. "ನನಗೆ ಗೊರಕೆ ಹೊಡೆಯುವವರು ಮಾತ್ರ ಆಗುವುದಿಲ್ಲ" ಎಂದು ಹೇಳಿ ಬೀಗದ ಕೈ ಕೊಟ್ಟ. ಶಿವಮಲ್ಲುವಿಗೆ ಕಾರ್ಖಾನೆಯವರ ಜರ್ಮನ್ ಮಾತು ಕಲಿಸಿದವನೂ, ಕಾರ್ಮಿಕ ಸಂಘಕ್ಕೆ ಸೇರಿಸಿದವನೂ, ಶುಕ್ರವಾರದ ಸಂಜೆ ಕಾರ್ಮಿಕರದೇ ಎನಿಸಿದ್ದ ಎಸ್‌ಪಿಡಿ ಪಕ್ಷದ ಸಭೆಗೆ ಕರೆದುಕೊಂಡು ಹೋದವನೂ ಅವನೇ. ಅಲ್ಲಿ ಯಾರೋ ಅರ್ಧ ಕುಡಿದ ಬಿಯರ್ ಮಗ್ಗನ್ನು ಇವನತ್ತ ತಳ್ಳಿ "ರುಚಿ ನೋಡು" ಎಂದರು. ಇವನು ಕುಡಿದು ವಾಪಸ್ ತಳ್ಳಿದ. ಆ ಮನುಷ್ಯ ಅಂಚನ್ನೂ ಒರೆಸದೆ ಉಳಿದದ್ದನ್ನು ಕುಡಿದ. ಆ ವಾರವೇ ಶಿವಮಲ್ಲು ಪಕ್ಷದ ಸದಸ್ಯನಾದ.

ನ್ಯೂರೆಂಬರ್ಗಿನಲ್ಲಿ ಒಂದು ಕನ್ನಡದ ಮನೆಯಿತ್ತು. ಉಪೇಂದ್ರ ವಿದ್ಯುತ್ ಇಂಜಿನಿಯರು, ವೈದೇಹಿ ಅವನ ಹೆಂಡತಿ, ಇಬ್ಬರೂ ಮೈಸೂರಿನ ಅಗ್ರಹಾರದವರು. ಭಾನುವಾರ ಅಲ್ಲಿ ಶಿವಮಲ್ಲುವಿಗೆ ಸಾರು ಅನ್ನ. ಸಾರಿನ ಪುಡಿ ಮುಗಿಯುತ್ತ ಬಂದರೆ ವೈದೇಹಿ ಅವನೊಬ್ಬನಿಗೆಂದೇ ಎತ್ತಿಡುತ್ತಿದ್ದಳು. ಉಪೇಂದ್ರನ ಮಾತು ಮಾತ್ರ ಎಲ್ಲಿ ಶುರುವಾದರೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು.

"ನನಗೆ ಫಸ್ಟ್ ಕ್ಲಾಸ್ ಇತ್ತು ಗುರು. ಸೀಟ್ ಸಿಗ್ಲಿಲ್ಲ. ಅಪ್ಪ ಮನೆ ಮಾರಿ ಇಲ್ಲಿಗೆ ಕಳಿಸ್ಬೇಕಾಯ್ತು. ನಿನ್ನ ಬಗ್ಗೆ ಹೇಳ್ತಿಲ್ಲ, ಸಿಸ್ಟಮ್ ಬಗ್ಗೆ ಹೇಳ್ತಿದೀನಿ."

ಶಿವಮಲ್ಲು ಇನ್ನಷ್ಟು ಸಾರು ಬಡಿಸಿಕೊಳ್ಳುತ್ತಿದ್ದ. ಕನ್ನಡ ಕೇಳಿಸುವ ಮನೆ ಅದೊಂದೇ.

ಅರವತ್ತಾರರ ಬೇಸಿಗೆಯಲ್ಲಿ ವೈದೇಹಿಯ ತಾಯಿ ಮೈಸೂರಿನಿಂದ ಬಂದರು. ಉಪೇಂದ್ರ ಫೋನು ಮಾಡಿದ. "ಅಮ್ಮ ಸ್ವಲ್ಪ ಹಳೇ ಕಾಲದೋರು. ಅವ್ರು ಹೊರಡೋವರ್ಗೂ ಅಡ್ಜಸ್ಟ್ ಮಾಡ್ಕೋ, ಮಗಾ." ಆಕೆ ಚಳಿ ಶುರುವಾಗುವ ಮೊದಲೇ ಹೊರಟುಹೋದರು. ಶಿವಮಲ್ಲು ಕಾದ. ಮತ್ತೆ ಫೋನು ಬರಲಿಲ್ಲ. ಒಮ್ಮೆ ಸಂತೆಯಲ್ಲಿ ಎದುರಾದ ವೈದೇಹಿ, ಆಲೂಗೆಡ್ಡೆ ಆರಿಸುವುದನ್ನು ನಿಲ್ಲಿಸದೆಯೇ "ಚೆನ್ನಾಗಿದೀರಾ?" ಎಂದು ಕೇಳಿದಳು. ಹಿಂದೆ 'ನೀನು' ಎನ್ನುತ್ತಿದ್ದವಳು.

ಅದೇ ಚಳಿಗಾಲದಲ್ಲಿ ಕೆಲಸಗಳು ಹೋಗತೊಡಗಿದವು. ಯುದ್ಧ ಮುಗಿದ ಮೇಲೆ ಜರ್ಮನರು ನೋಡಿದ ಮೊದಲ ಮುಗ್ಗಟ್ಟು. ಲಿಂಡ್ನರ್‌ನ ಅಳಿಯ ಡೀಟರ್‌ನನ್ನು ಕುಲುಮೆಯಿಂದ ತೆಗೆದರು. ಪ್ರಯೋಗಾಲಯದ ಶಿವಮಲ್ಲು ಉಳಿದ. ರಾಜಧಾನಿ ಬಾನ್‌ನಲ್ಲಿ ಎಸ್‌ಪಿಡಿ ತನ್ನ ಹಳೆಯ ವೈರಿಗಳ ಜೊತೆಗೇ ಸೇರಿ ಸರ್ಕಾರ ಮಾಡಿತು. ಹಿಟ್ಲರನ ಕಾಲದಲ್ಲೂ ಪಕ್ಷ ಬಿಡದ ಅಪ್ಪನ ಮಗ ಲಿಂಡ್ನರ್, ಸುದ್ದಿ ಕೇಳಿ ರೇಡಿಯೋ ಆರಿಸಿಬಿಟ್ಟ. ಮರುವರ್ಷ ಪಕ್ಷ ಬಿಟ್ಟ. ಬವೇರಿಯಾದಲ್ಲಿ ಆಗ ಜೋರಾಗಿ ಎದ್ದಿದ್ದ ಬಲಪಂಥದ ಹೊಸ ಪಕ್ಷದ ಸಭೆಗಳಿಗೆ ಅಳಿಯನ ಜೊತೆ ಹೋಗತೊಡಗಿದ.

"ಜರ್ಮನ್ ಕೆಲಸ ಮೊದಲು ಜರ್ಮನ್ನರಿಗೆ ಎನ್ನುತ್ತಾರೆ. ಅದರಲ್ಲಿ ತಪ್ಪೇನು?" ಎಂದು ಒಂದು ಸಂಜೆ ಬ್ರೆಡ್ಡು ಕೊಯ್ಯುತ್ತ ಕೇಳಿದ. ಆಮೇಲೆ ಶಿವಮಲ್ಲುವಿನ ಮುಖ ನೋಡಿ, "ನಿನ್ನನ್ನು ಹೇಳುತ್ತಿಲ್ಲ" ಎಂದ.

ಮುಂದಿನ ತಿಂಗಳು ಡೀಟರ್‌ನ ಸಂಸಾರಕ್ಕೆ ಅಟ್ಟದ ಕೋಣೆ ಬೇಕಾಯಿತು. ಸೂಟ್‌ಕೇಸನ್ನು ಟ್ರಾಮಿನವರೆಗೆ ಲಿಂಡ್ನರನೇ ಹೊತ್ತು ತಂದ. ಅದು ಶಿವಮಲ್ಲುವಿಗೆ ಇನ್ನಷ್ಟು ಕಷ್ಟವಾಯಿತು. ಬೈದು ಕಳಿಸಿದ್ದರೆ ಸಿಟ್ಟಾದರೂ ಬರುತ್ತಿತ್ತು.

ಕೆಲವು ವರ್ಷ ಅವನು ಕಾರ್ಮಿಕರ ಬಡಾವಣೆಯಾದ ಗೋಸ್ಟನ್‌ಹೋಫಿನಲ್ಲಿ ತುರ್ಕಿ ಕೆಲಸಗಾರರ ಜೊತೆ ಒಂದೇ ಕೋಣೆಯಲ್ಲಿ ಕಳೆದ. ಎಪ್ಪತ್ತೆರಡರಲ್ಲಿ ಊರಿನಿಂದ ಸುದ್ದಿ ಬಂತು: ಒಡೆದು ಎರಡಾದ ಕಾಂಗ್ರೆಸ್ಸಿನಲ್ಲಿ ಹಳೆಯದಕ್ಕೆ ಚರಕದ ಗುರುತು, ಹೊಸದಕ್ಕೆ ಹಸುಕರುವಿನ ಗುರುತು; ಹೊಸ ಕಾಂಗ್ರೆಸ್ ಬಡವರ, ಹಿಂದುಳಿದವರ ವೋಟಿನಿಂದ ಗೆದ್ದಿದೆ, ಕಾಲ ಬದಲಾಗಿದೆ. ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪರಿಶಿಷ್ಟರಿಗೆ ಮೀಸಲಾದ ಹುದ್ದೆಯೊಂದನ್ನು ಕರೆದಿದ್ದರು. ಶಿವಮಲ್ಲು ರಜೆ ಹಾಕಿ ವಿಮಾನ ಹತ್ತಿದ.

ಸಂದರ್ಶನದಲ್ಲಿ ಕುಲುಮೆಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. "ಅಲ್ಲಿ ಅಷ್ಟು ವರ್ಷ ಇದ್ದವರಿಗೆ ನಮ್ಮ ಕಡೆ ಹೊಂದಿಕೆ ಆಗುತ್ತೇನ್ರೀ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಗಡಿಯಾರ ನೋಡಿದರು. ಯೋಗ್ಯ ಅಭ್ಯರ್ಥಿ ಸಿಗಲಿಲ್ಲ ಎಂದು ಹುದ್ದೆಯನ್ನು ಹಾಗೇ ಬಿಟ್ಟರು. ಅರ್ಜಿ ಹಾಕಿದ್ದವನು ಇವನೊಬ್ಬನೇ.

ಅಪ್ಪ ಕೆಂಪಯ್ಯ ಅಷ್ಟಕ್ಕೆ ಸೋಲಲಿಲ್ಲ. "ಪಟೇಲ್ರ ಕಂಡು ಬರವಾ ನಡಿ. ಮೊನ್ನೆವರ್ಗೂ ಚರಕದ ಪಾರ್ಟಿಲಿದ್ರು, ಈಗ ಹಸುಕರು ಪಾರ್ಟಿಗೆ ಬಂದವ್ರೆ. ಈಗ ಅವ್ರೂ ನಮ್ಮೋರೇ ಕಣ್ ಮಗ."

ಪಟೇಲರ ಗೋಡೆಯ ಮೇಲೆ ಹಸುಕರುವಿನ ಚಿತ್ರ ಇನ್ನೂ ಹಸಿಯಾಗಿತ್ತು. ಅಪ್ಪ ಅಂಗಳದಲ್ಲೇ ನಿಂತ. ಜಗಲಿಯ ಮೆಟ್ಟಿಲಿಗೆ ಕಾಲಿಟ್ಟಿದ್ದ ಮಗನ ತೋಳನ್ನು ಹಿಡಿದು ಕೆಳಗೆಳೆದ. ಜರ್ಮನಿಯ ಕೋಟು ತೊಟ್ಟು ಶಿವಮಲ್ಲು ಬಿಸಿಲಲ್ಲಿ ನಿಂತ.

"ಇದು ನಿಮ್ಮದೇ ಸರ್ಕಾರ ಕಣ್ರಯ್ಯ," ಎಂದರು ಪಟೇಲರು, ಕುರ್ಚಿಯಿಂದ ಏಳದೆ. "ಹೇಳಿ ನೋಡ್ತೀನಿ. ಆದ್ರೂ ಅಲ್ಲೇ ಸುಖವಾಗಿರೋನು ಇಲ್ಲಿಗ್ಯಾಕೆ ಬತ್ತೀಯೆ?"

ಹಿಂತಿರುಗುವ ದಾರಿಯಲ್ಲಿ ಕೆಂಪಯ್ಯ, "ಮಾತಾಡುಸ್ದ್ರಲ್ಲ, ಮುಂಚೆ ಮಾತೇ ಆಡ್ತಿರ್ಲಿಲ್ಲ" ಎಂದ. ಅವನ ಮುಖದಲ್ಲಿ ಸಂತೋಷವಿತ್ತು. ಶಿವಮಲ್ಲು ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡ. ಪಟೇಲರು ಯಾರಿಗೂ ಏನೂ ಹೇಳಲಿಲ್ಲ. ಮರುವರ್ಷ ಆ ಹುದ್ದೆ ಸಾಮಾನ್ಯ ವರ್ಗದವರೊಬ್ಬರಿಗೆ ಹೋಯಿತು.

ನ್ಯೂರೆಂಬರ್ಗಿಗೆ ವಾಪಸಾದ ಮುಂದಿನ ವರ್ಷವೇ ತೈಲದ ಬಿಕ್ಕಟ್ಟು. ಹೊರದೇಶದವರನ್ನು ಕೆಲಸಕ್ಕೆ ಕರೆಸುವುದನ್ನು ಸರ್ಕಾರ ನಿಲ್ಲಿಸಿತು. ಪ್ರಯೋಗಾಲಯದ ಅರ್ಧ ಜನರನ್ನು ಕಾರ್ಖಾನೆ ಕೆಲಸದಿಂದ ತೆಗೆಯಿತು. ಶಿವಮಲ್ಲು ಹಳೆ ಕಬ್ಬಿಣ ವಿಂಗಡಿಸುವ ಅಂಗಳಕ್ಕೆ ಇಳಿದ. ಅಪ್ಪ ತೀರಿಕೊಂಡದ್ದು ತಿಳಿಯುವಾಗ ಹನ್ನೊಂದನೆಯ ದಿನದ ಕಾರ್ಯವೂ ಮುಗಿದಿತ್ತು. ಅದನ್ನು ಕನ್ನಡದಲ್ಲಿ ಹೇಳಿಕೊಳ್ಳಲು ಆ ನಗರದಲ್ಲಿ ಉಪೇಂದ್ರನೊಬ್ಬನೇ ಇದ್ದ. ಅವನ ಮನೆಯ ಬೀದಿಯವರೆಗೆ ಹೋಗಿ ಶಿವಮಲ್ಲು ಹಿಂದಕ್ಕೆ ಬಂದ.

ಎಪ್ಪತ್ತೈದರ ವಸಂತದಲ್ಲಿ ಟ್ರಾಮ್ ನಿಲ್ದಾಣದಲ್ಲಿ ಲಿಂಡ್ನರ್ ಸಿಕ್ಕಿದ. ನಿವೃತ್ತನಾಗಿದ್ದ, ಇಳಿದುಹೋಗಿದ್ದ. ಹೊಸ ಪಕ್ಷ ಹೇಳಹೆಸರಿಲ್ಲದೆ ಹೋಗಿತ್ತು.

"ನಾನು ಮತ್ತೆ ಹಳೇ ಮನೆಗೇ ಬಂದೆ," ಎಂದ ನಾಚಿಕೊಳ್ಳುತ್ತ. "ಶುಕ್ರವಾರ ನೀನೂ ಬಾ. ನಿನ್ನ ಸದಸ್ಯತ್ವ ಇನ್ನೂ ಇದೆಯಲ್ಲ?"

ಇತ್ತು. ಶಿವಮಲ್ಲು ಹೋದ. ಅದೇ ಹಾಲ್, ಬಹುಪಾಲು ಅದೇ ಮುಖಗಳು. ಇಬ್ಬರು ಎದ್ದು ಬಂದು ಕೈ ಕುಲುಕಿದರು. ಆಮೇಲೆ ಅಧ್ಯಕ್ಷ ಒಂದು ನಿರ್ಣಯ ಓದಿದ: ಈ ಭಾಗದಲ್ಲಿ ಹೊರದೇಶದವರು ಮಿತಿಮೀರಿದ್ದಾರೆ, ಶಾಲೆಗಳಿಗೂ ಮನೆಗಳಿಗೂ ಹೊರೆಯಾಗಿದೆ, ಇನ್ನು ಮುಂದೆ ಯಾರಿಗೂ ಇಲ್ಲಿ ವಾಸಕ್ಕೆ ಪರವಾನಗಿ ಕೊಡಬಾರದೆಂದು ನಗರಸಭೆಯನ್ನು ಒತ್ತಾಯಿಸಬೇಕು. ದನಿಯಲ್ಲಿ ದ್ವೇಷವಿರಲಿಲ್ಲ. ಚರಂಡಿ ರಿಪೇರಿಯ ವಿಷಯವನ್ನೂ ಅವನು ಅದೇ ದನಿಯಲ್ಲಿ ಓದಿದ್ದ.

"ಪರವಾಗಿರುವವರು?"

ಕೈಗಳು ಎದ್ದವು. ಪಕ್ಕದಲ್ಲಿ ಲಿಂಡ್ನರ್ ತನ್ನ ಕೈಯನ್ನು ನಿಧಾನವಾಗಿ, ಕಿವಿಯ ಮಟ್ಟಕ್ಕಷ್ಟೇ ಎತ್ತಿದ.

"ವಿರೋಧ?"

ಶಿವಮಲ್ಲು ತನ್ನ ಕೈಯ ಕಡೆ ನೋಡಿದ. ತೊಡೆಯ ಮೇಲೆ ಬಿದ್ದಿತ್ತು. ಕಬ್ಬಿಣದ ತುಕ್ಕು ಉಗುರಿನ ಸಂದಿಯಲ್ಲಿ ಕಪ್ಪಾಗಿತ್ತು. ಎತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ತಾನೇನು ಹೇಳಬೇಕು? ಹೇಳಿದರೆ ಯಾರು ಕೇಳಬೇಕು? ಕ್ಷಣ ಕಳೆಯಿತು.

"ಸರ್ವಾನುಮತ," ಎಂದು ಅಧ್ಯಕ್ಷ ಬರೆದುಕೊಂಡ.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಲಿಂಡ್ನರ್ ಟೋಪಿ ಸರಿಮಾಡಿಕೊಳ್ಳುತ್ತ, "ಒಂದು ಬಿಯರ್ ಕುಡಿಯೋಣವಾ?" ಎಂದ. ಶಿವಮಲ್ಲು ಅವನನ್ನು ನೋಡಿದ. ಇವನನ್ನೂ ಬೇಡವೆಂದರೆ ಆ ಊರಲ್ಲಿ ತನ್ನ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯುವುದಿಲ್ಲ. ಇಬ್ಬರೂ ಮೂಲೆಯ ಅಂಗಡಿಗೆ ಹೋಗಿ ಕೂತು ಕುಡಿದರು. ಕುಲುಮೆಯ ಹಳೆಯ ಕಾಲದ ಬಗ್ಗೆ, ಫುಟ್‌ಬಾಲಿನ ಬಗ್ಗೆ ಮಾತಾಡಿದರು.