ಏರಿಯಪ್ಪ ನೀರಗಂಟಿಗೆ ಒಲಿದದ್ದು

ಸವಣೂರಿನಲ್ಲಿ ಬೋರ್ಡು ಬರೆಯುತ್ತಿದ್ದ ಬಸವಣ್ಣೆಪ್ಪನಿಗೆ ಸಿಂಹ ಬರೆಯಲು ಬರುತ್ತಿರಲಿಲ್ಲ. ಅವನ ಸಿಂಹಗಳೆಲ್ಲ ಬೈಸಿಕೊಂಡ ನಾಯಿಗಳಂತೆ ಕಾಣುತ್ತಿದ್ದವು. ಕಾಗುಣಿತದ ಸುದ್ದಿಯಂತೂ ಬೇಡವೇ ಬೇಡ; 'ಕಿರಾಣಿ' ಎಂಬ ಶಬ್ದವನ್ನು ಅವನು ಪ್ರತಿ ಅಂಗಡಿಗೂ ಬೇರೆ ಬೇರೆ ಥರ ಬರೆದುಕೊಟ್ಟಿದ್ದಾನೆ. ಆದರೆ ದೇವರನ್ನು ಬರೆಯಲು ಕೂತರೆ ಆ ಕೈಯೇ ಬೇರೆ. ಶಿಗ್ಗಾಂವಿಯ ಲಾರಿಗಳ ಹಣೆ, ಬಂಕಾಪುರದ ಹಿಟ್ಟಿನ ಗಿರಣಿಯ ಗೋಡೆ, ಹಿರೇಕೆರೂರಿನ ಗುಡಿಗಳ ಬಾಗಿಲು, ಎಲ್ಲ ಕಡೆ ಅವನ ದೇವರುಗಳು ಈಗಲೋ ಆಗಲೋ ಮಾತಾಡುವಂತೆ ನಿಂತಿರುತ್ತಿದ್ದರು.

ಎಪ್ಪತ್ತೇಳು ಎಪ್ಪತ್ತೆಂಟನೇ ಇಸವಿಯ ಸುಮಾರಿಗೆ ಆ ದೇವರುಗಳೆಲ್ಲರ ಮುಖ ಒಂದೇ ಆಯಿತು. ಕೂಡಿಕೊಂಡ ಹುಬ್ಬು, ಎಡಗೆನ್ನೆಯಲ್ಲಿ ಗುಳಿ, ಎಲೆ ಮೆದ್ದು ಕೆಂಪಾದ ತುಟಿ. ಅದು ವೀಳ್ಯದೆಲೆ ವ್ಯಾಪಾರಿ ಬಾಬಾಜಾನನ ಮುಖ. ಬಾಬಾಜಾನನ ಅಂಗಡಿ ಬಸವಣ್ಣೆಪ್ಪನ ಅಂಗಡಿಯ ಎದುರಿಗೇ ಇತ್ತು. ಅವರಿಬ್ಬರೂ ಮೂವತ್ತರ ಆಸುಪಾಸಿನವರು, ಇಬ್ಬರಿಗೂ ಲಗ್ನವಾಗಿರಲಿಲ್ಲ. ಪಕ್ಕದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ನನಗೆ ಇದು ಕಂಡಿತು, ಊರಿಗೆ ಕಾಣಲಿಲ್ಲ. ನಮ್ಮ ಮಂದಿ ದೇವರ ಮುಖ ಯಾವಾಗ ನೋಡಿದ್ದಾರೆ? ಕಿರೀಟ ನೋಡುತ್ತಾರೆ, ವರ ಕೊಡುವ ಕೈ ನೋಡುತ್ತಾರೆ, ತಮಗೆ ಬೇಕಾದದ್ದು ಹೇಳಿ ಚಪ್ಪಲಿ ಹುಡುಕುತ್ತಾರೆ.

ಬಸವಣ್ಣೆಪ್ಪನಿಗೆ ತನ್ನ ಮನಸ್ಸನ್ನು ಬಾಬಾಜಾನನಿಗೆ ಹೇಳಬೇಕಾಗಿತ್ತು. ಬಾಯಿಬಿಟ್ಟು ಹೇಳಲು ಧೈರ್ಯವಿಲ್ಲ. ಬರೆದು ಕೊಡೋಣವೆಂದರೆ ಬಾಬಾಜಾನ ಉರ್ದು ಶಾಲೆಯಲ್ಲಿ ಕಲಿತವನು, ಕನ್ನಡ ಆಡುತ್ತಾನೆ, ಓದಲಾರ. ಬರೆದರೂ ಈ ಪುಣ್ಯಾತ್ಮನ ಕಾಗುಣಿತದಲ್ಲಿ ಪ್ರೀತಿ ಏನಾಗಿ ಹೋಗುತ್ತಿತ್ತೋ! ಅದಕ್ಕೇ ಎಂಬತ್ತೆರಡರಲ್ಲಿ ಅವನು ಒಂದು ಸಣ್ಣ ಚಿತ್ರಕಥೆ ಬರೆದ. ಓದು ಬರದವನೂ ಚಿತ್ರ ನೋಡಿ ತಿಳಿದುಕೊಳ್ಳಬಹುದಲ್ಲ.

ಕಥೆ ಹೀಗಿತ್ತು. ಒಂದೂರಿನ ಕೆರೆ ಏರಿಯ ಮೇಲೆ ಏರಿಯಪ್ಪ ಎಂಬ ದೇವರು ಕಲ್ಲಾಗಿ ಕೂತಿದ್ದಾನೆ. ಬಂದವರೆಲ್ಲ ಅದು ಕೊಡು, ಇದು ಕೊಡು ಎನ್ನುವವರೇ. ಕೆರೆಯ ತೂಬು ತೆಗೆದು ಗದ್ದೆಗೆ ನೀರು ಬಿಡುವ ನೀರಗಂಟಿಯೊಬ್ಬ ಮಾತ್ರ ಬುತ್ತಿ ಬಿಚ್ಚುವಾಗ ಕಲ್ಲಿನ ಕಡೆ ತಿರುಗಿ, "ಉಂಡಿಯೇನಪಾ?" ಎಂದು ಕೇಳುತ್ತಾನೆ. ಇಷ್ಟು ವರ್ಷದಲ್ಲಿ ಯಾರೂ ಕೇಳದ ಮಾತು! ಏರಿಯಪ್ಪ, ಅದೇ ಗುಳಿಬಿದ್ದ ಕೆನ್ನೆಯವನು, ಕಲ್ಲಿನಿಂದ ಎದ್ದು ಬಂದು ಅವನ ಜೊತೆ ರೊಟ್ಟಿ ತಿನ್ನುತ್ತಾನೆ. ದಿನಾ ಬರುತ್ತಾನೆ. ಮನುಷ್ಯನನ್ನು ಮುಟ್ಟಿದರೆ ನಿನ್ನ ದೇವತನ ಹೋಗುತ್ತದೆ ಎಂದು ಉಳಿದ ದೇವರುಗಳು ಹೆದರಿಸುತ್ತಾರೆ. ಏರಿಯಪ್ಪ ಹೋದರೆ ಹೋಗಲಿ ಎಂದು ಮುಟ್ಟುತ್ತಾನೆ. ಕೊನೆಯ ಚಿತ್ರದಲ್ಲಿ ಕಲ್ಲಿನ ಜಾಗ ಖಾಲಿ; ಏರಿಯ ಮೇಲೆ ಇಬ್ಬರು ಗಂಡಸರು ಹೆಗಲಿಗೆ ಹೆಗಲು ಹಚ್ಚಿ ನೀರು ನೋಡುತ್ತ ಕೂತಿದ್ದಾರೆ. ಕೆಳಗೆ ಒಂದೇ ಸಾಲು: 'ದೇವರು ನೀರಗಂಟಿಗೆ ಒಲಿದ.'

ಕೈಯಲ್ಲಿ ಬರೆದ ಒಂದೇ ಪ್ರತಿ ಕೊಟ್ಟು ಬಾಬಾಜಾನ ಸಿಟ್ಟಾದರೆ ಜಾರಿಕೊಳ್ಳಲು ದಾರಿಯಿಲ್ಲ, ಅಚ್ಚಾದ ಪುಸ್ತಕವಾದರೆ ಎಲ್ಲರಿಗಾಗಿ ಬರೆದ ಕಥೆ ಎನ್ನಬಹುದು ಎಂದು ಬಸವಣ್ಣೆಪ್ಪ ಅದನ್ನು ಹಾನಗಲ್ಲಿಗೆ ಒಯ್ದ. ಅಲ್ಲಿ ವಾದಿರಾಜರಾಯರದು ಪ್ರೆಸ್ಸು. ಲಗ್ನಪತ್ರಿಕೆ, ವ್ರತದ ಪುಸ್ತಕ ಅಚ್ಚು ಹಾಕುವವರು, ದ್ವೈತ ಶಾಸ್ತ್ರ ಓದಿಕೊಂಡವರು. ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಇಬ್ಬರು ಗಂಡಸರು ಒಂದೇ ತಾಟಿನಲ್ಲಿ ಉಂಡಿದ್ದಕ್ಕೆ ಏನೂ ಅನ್ನಲಿಲ್ಲ, ಒಬ್ಬರ ತೊಡೆಯ ಮೇಲೆ ಒಬ್ಬರು ತಲೆಯಿಟ್ಟು ಮಲಗಿದ್ದಕ್ಕೂ ಏನೂ ಅನ್ನಲಿಲ್ಲ. ಕೊನೆಯ ಚಿತ್ರಕ್ಕೆ ಬಂದಾಗ ಕನ್ನಡಕ ತೆಗೆದರು.

"ಇದು ತಪ್ಪು ಬಸವಣ್ಣೆಪ್ಪಾ. ಜೀವ ಬ್ಯಾರೆ, ದೇವರು ಬ್ಯಾರೆ. ಇಬ್ಬರನ್ನೂ ಒಂದ ಎತ್ತರಕ್ಕ ಕೂಡಿಸಿದ್ರ ಹ್ಯಾಂಗ? ನೀರಗಂಟೀನ್ನ ಒಂದು ಗೇಣು ಕೆಳಗ ಇಳಸು."

"ಇಳಸಂಗಿಲ್ರಿ ರಾಯರ," ಎಂದ ಬಸವಣ್ಣೆಪ್ಪ. ಜೀವಮಾನದಲ್ಲಿ ಅವನು ಹಟ ಹಿಡಿದದ್ದು ಅದೊಂದೇ ಸಲ.

ರಾಯರು ಯೋಚಿಸಿದರು. ಬಂದ ಕೆಲಸ ಬಿಡುವ ಹಾಗಿಲ್ಲ, ಸಿದ್ಧಾಂತ ಬಿಡುವ ಹಾಗೂ ಇಲ್ಲ. ಕಡೆಗೆ ಒಂದು ದಾರಿ ಕಂಡಿತು. ಪುಸ್ತಕಕ್ಕೆ 'ಶ್ರೀ ಏರಿಯಪ್ಪ ಮಹಾತ್ಮೆ' ಎಂದು ಹೆಸರಿಟ್ಟರು. ದೇವರ ಪುಸ್ತಕವೆಂದ ಮೇಲೆ ಓದಿದವರಿಗೆ ಏನು ಸಿಗುತ್ತದೆಂದು ಹೇಳುವ ಫಲಶ್ರುತಿ ಬೇಕೇ ಬೇಕು. ಅದನ್ನೂ ತಾವೇ ಬರೆದು ಸೇರಿಸಿದರು: 'ಈ ಕಥೆಯನ್ನು ಭಕ್ತಿಯಿಂದ ಓದಿದವರ, ಕೇಳಿದವರ ಮನೆಯಲ್ಲಿ ಶೀಘ್ರವೇ ಕಂಕಣಭಾಗ್ಯ ಕೂಡಿಬರುವುದು.' ಒಲಿದ ಎಂಬ ಮಾತನ್ನು ಅವರು ಮುಟ್ಟಲಿಲ್ಲ. ಯಾಕೆ ಮುಟ್ಟುತ್ತಾರೆ? ನಮ್ಮ ಭಾಷೆಯಲ್ಲಿ ದೇವರೂ ಒಲಿಯುತ್ತಾನೆ, ಮನಸ್ಸು ಕೊಟ್ಟವರೂ ಒಲಿಯುತ್ತಾರೆ. ಬಸವಣ್ಣೆಪ್ಪ ಒಂದು ಒಲಿದ ಬರೆದಿದ್ದ, ರಾಯರು ಇನ್ನೊಂದು ಒಲಿದ ಓದಿದರು.

ಆಮೇಲೆ ನೋಡಿ ಗಮ್ಮತ್ತು. ಕಂಕಣಭಾಗ್ಯವೆಂದ ಕೂಡಲೇ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಲಗ್ನಕ್ಕೆ ಬಂದ ಮಕ್ಕಳಿದ್ದವರೆಲ್ಲ ಪುಸ್ತಕಕ್ಕೆ ಮುಗಿಬಿದ್ದರು. ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಅದು ಶೇಂಗಾದ ಹಾಗೆ ಹೋಯಿತು. ಆಡೂರಿನ ಯಂಕವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ದಿನಾ ಎಣ್ಣೆ ಕುಂಕುಮ ಹಚ್ಚಿ, ಹಾಳೆಗೆ ಹಾಳೆ ಅಂಟಿ, ಮತ್ತೆಂದೂ ಯಾರೂ ಓದಲಾರದ ಹಾಗೆ ಮಾಡಿದಳು. ಮಗಳ ಲಗ್ನವೂ ಆಯಿತು. ಗಂಡು ಗಂಡಿಗೆ ಒಲಿದ ಕಥೆಯನ್ನು ಮಡಿಯುಟ್ಟು ಓದಿ ಗಂಡಿಗೆ ಹೆಣ್ಣು ಹುಡುಕಿಕೊಂಡ ಈ ಸೀಮೆಯ ಭಕ್ತಿಗೆ ನಾನು ಕೈಮುಗಿಯುತ್ತೇನೆ. ಅದೇ ಮಂದಿಗೆ ಅರ್ಥ ಬಿಡಿಸಿ ಹೇಳಿದ್ದರೆ ಬಸವಣ್ಣೆಪ್ಪನ ಕೈ ಮುರಿಯುತ್ತಿದ್ದರು, ಅದೂ ಗೊತ್ತು.

ಯಾರಿಗಾಗಿ ಬರೆದದ್ದೋ ಅವನು ಮಾತ್ರ ತುಟಿ ಬಿಚ್ಚಲಿಲ್ಲ. ಮೊದಲ ಪ್ರತಿ ಕೊಟ್ಟಾಗ ಬಾಬಾಜಾನ ಚಿತ್ರಗಳನ್ನು ತಿರುವಿ ನೋಡಿ, "ಛಲೋ ಬರದೀಯಪಾ," ಎಂದು ಎಲೆ ಪೆಂಡಿಯ ಪಕ್ಕ ಇಟ್ಟುಕೊಂಡಿದ್ದ. ಅಷ್ಟೇ. ಬೇಸಿಗೆ ಹೋಯಿತು, ಮಳೆ ಬಂತು. ಬಸವಣ್ಣೆಪ್ಪ ಎದುರಿನ ಅಂಗಡಿಯನ್ನು ನೋಡುತ್ತ ಎಷ್ಟು ಬೋರ್ಡು ಕೆಡಿಸಿದನೋ ಲೆಕ್ಕವಿಲ್ಲ. ಪಾಪ, ಅವನಿಗೆ ಬೇಕಾಗಿದ್ದದ್ದು ಹೌದೋ ಅಲ್ಲವೋ ಎಂಬ ಒಂದು ಮಾತು. ಅದಕ್ಕಾಗಿ ಅವನು ಬಾಡುತ್ತಿದ್ದದ್ದನ್ನು ನೋಡಿ ನನಗೂ ಸಂಕಟವಾಗುತ್ತಿತ್ತು.

ಆ ಹೊತ್ತಿಗೆ ಬಾಬಾಜಾನನ ತಾಯಿ ಚಮನಬಿ ಬಸವಣ್ಣೆಪ್ಪನ ಅಂಗಡಿಗೆ ಬಂದಳು. ಮಗನ ಲಗ್ನದ ಚಿಂತೆಯಲ್ಲಿ ಸೊರಗಿದ್ದಳು. ಹುಲಗೂರಿನ ದರ್ಗಾಕ್ಕೆ ಹರಕೆ ಹೊತ್ತಾಗಿತ್ತು. ಅಲ್ಲಿ ಹರಕೆಯ ಸಕ್ಕರೆ ಓದಿಸಿ ಹಂಚುವವರಲ್ಲಿ ವಿಭೂತಿ ಹಚ್ಚಿದ ಹಣೆಗಳೇನು ಕಡಿಮೆಯೇ? ಈಗ ಏರಿಯಪ್ಪನ ಸರದಿ.

"ನೀನ ಬರದ ಪುಸ್ತಕ ಅಂತಲ್ಲಪಾ ಬಸಣ್ಣಾ. ನಮ್ಮ ಮನ್ಯಾಗ ಯಾರಿಗೂ ಕನ್ನಡ ಓದಾಕ ಬರಂಗಿಲ್ಲ. ಕೇಳಿದ್ರೂ ಫಲ ಐತಂತ. ಬಂದು ಓದಿ ಹೇಳು. ನಮ್ಮ ಬಾಬಾಗ ಒಂದು ಹೆಣ್ಣು ಬರ್ಲಿ."

ಬಸವಣ್ಣೆಪ್ಪನ ಮುಖ ನೋಡಬೇಕಾಗಿತ್ತು. ಬರುವುದಿಲ್ಲವೆನ್ನಲು ಬಾಯಿ ಬರಲಿಲ್ಲ. ಒಬ್ಬನೇ ಹೋಗಲು ಕಾಲು ಬರಲಿಲ್ಲ. ನನ್ನನ್ನೂ ಎಳೆದುಕೊಂಡು ಹೋದ.

ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಚಮನಬಿ ತಲೆಯ ಮೇಲೆ ಸೆರಗು ಹೊದ್ದು ಭಕ್ತಿಯಿಂದ ಕೂತಳು. ಬಾಬಾಜಾನ ಒಂದು ಮೂಲೆಯಲ್ಲಿ ಕೂತು ಎಲೆಗಳನ್ನು ಒದ್ದೆ ಅರಿವೆಯಿಂದ ಒರೆಸಿ ಜೋಡಿಸುತ್ತಿದ್ದ. ಬಸವಣ್ಣೆಪ್ಪ ಓದಲು ಶುರುಮಾಡಿದ. ಉಂಡಿಯೇನಪಾ ಎಂಬಲ್ಲಿ ಬಾಬಾಜಾನನ ಕೈ ನಿಂತಿತು. ಬಸವಣ್ಣೆಪ್ಪ ದಿನಾ ಮಧ್ಯಾಹ್ನ ಎದುರಿನಿಂದ ಅವನಿಗೆ ಕೂಗಿ ಕೇಳುತ್ತಿದ್ದ ಮಾತು ಅದು. ದೇವರು ಮನುಷ್ಯನನ್ನು ಮುಟ್ಟುವಲ್ಲಿ ಬಸವಣ್ಣೆಪ್ಪನ ದನಿ ಸಣ್ಣಗಾಯಿತು. ಚಮನಬಿ, "ಜರಾ ಜೋರಾಗಿ ಓದಪಾ, ಕೇಳವಲ್ದು," ಎಂದಳು. ಮಗನ ಮೇಲಿನ ಪ್ರೀತಿಯನ್ನು ತಾಯಿಯ ಮುಂದೆ ಜೋರಾಗಿ ಓದಬೇಕು! ಓದಿದ. 'ದೇವರು ನೀರಗಂಟಿಗೆ ಒಲಿದ' ಎಂದು ಪುಸ್ತಕ ಮುಚ್ಚಿದ.

"ಫಲ ಓದಲಿಲ್ಲಲ್ಲ? ನನಗ ಬೇಕಾದದ್ದ ಅದು."

ಬಸವಣ್ಣೆಪ್ಪ ಪುಸ್ತಕ ತೆರೆದ. ಬಾಬಾಜಾನನಿಗೆ ಹೆಂಡತಿ ಬರಲಿ ಎಂದು ಅವನು ಯಾವ ಬಾಯಿಂದ ಓದಬೇಕು? ಕಣ್ಣು ತುಂಬಿ ಬಂದು ತಲೆ ತಗ್ಗಿಸಿದ.

ತಾಯಿಯೊಡನೆ ಉರ್ದು ಬಿಟ್ಟು ಬೇರೆ ಆಡದ ಬಾಬಾಜಾನ ಆಗ ಕನ್ನಡದಲ್ಲಿ ಮಾತಾಡಿದ. ಮಾತು ತಾಯಿಗೆ, ನೋಟ ಬಸವಣ್ಣೆಪ್ಪನ ಕಡೆಗೆ.

"ಇರ್ಲಿ ಬಿಡಮ್ಮಾ. ಒಲದ ಮ್ಯಾಲೆ ಇನ್ನ ಯಾ ಫಲ ಬೇಕು? ಒಲದದ್ದ ಆಗೇತಿ."

ಚಮನಬಿಯ ಮುಖ ಅರಳಿತು. "ಹೌದ್ ನೋಡಪಾ, ದೇವರ ಒಲದ ಮ್ಯಾಲೆ ಹೆಣ್ಣು ತಾನ ಬರ್ತಾಳ," ಎನ್ನುತ್ತ ಚಹಾ ಇಡಲು ಒಳಗೆ ಹೋದಳು.

ಪಡಸಾಲೆಯಲ್ಲಿ ಮೂವರು ಉಳಿದೆವು. ಬಸವಣ್ಣೆಪ್ಪ ಇನ್ನೂ ತಲೆ ಎತ್ತಿರಲಿಲ್ಲ. ಬಾಬಾಜಾನ ಒಂದು ಎಳೆಯ ಎಲೆ ಆರಿಸಿ, ಸುಣ್ಣ ಸವರಿ, ಮಡಚಿ ಅವನ ಮುಂದೆ ಹಿಡಿದ. ನನಗೆ ಕೊಡಲಿಲ್ಲ. ಅಂಗಡಿ ತೆರೆದೇ ಬಂದಿದ್ದೇನೆಂದು ಹೇಳಿ ನಾನು ಎದ್ದೆ. ಚಹಾಕ್ಕೆ ಇಟ್ಟ ಮೇಲೆ ಎದ್ದು ಹೊರಟವನನ್ನು ನಮ್ಮೂರಲ್ಲಿ ಅಂಗಿ ಜಗ್ಗಿ ಕೂಡಿಸುತ್ತಾರೆ. ಅವತ್ತು ನಾನು ಬಾಗಿಲು ದಾಟುವವರೆಗೂ ಇಬ್ಬರಲ್ಲಿ ಒಬ್ಬನೂ ಕುಂದ್ರು ಅನ್ನಲಿಲ್ಲ.