ಮಗಳ ಎಡಗಾಲು

ಒಬ್ಬರಿಗೆ ಚುಚ್ಚಿದರೆ ದೂರದಲ್ಲಿರುವ ಇನ್ನೊಬ್ಬರಿಗೆ ನೋಯುತ್ತದೆಂದು ಯಾರಾದರೂ ಹೇಳಿದ್ದರೆ, ಮೊದಲೆಲ್ಲ ನಾನು ರೊಟ್ಟಿ ಬಡಿಯುವ ಕೈಯನ್ನೂ ನಿಲ್ಲಿಸದೆ ನಕ್ಕುಬಿಡುತ್ತಿದ್ದೆ. ಈಗ ನಗಲಾರೆ. ನಂಬಿರಿ ಎಂದು ನಿಮಗೆ ಹೇಳುವ ಧೈರ್ಯವೂ ಇಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ನನ್ನ ಮಗಳು ಸುವರ್ಣಾ ಜತ್ತದ ಒಂದು ದವಾಖಾನೆಯಲ್ಲಿ ದಿನ ತುಂಬುವ ಮೊದಲೇ ಹಡೆದಳು. ರಕ್ತ ನಿಲ್ಲಲಿಲ್ಲ. ಎಚ್ಚರ ತಪ್ಪಿದ ಅವಳನ್ನು ಅಳಿಯ ಮಲ್ಲಪ್ಪ ಸಾಂಗ್ಲಿಗೆ ಒಯ್ದ. ಕೂಸಿನೊಂದಿಗೆ ನಾನು ಜತ್ತದಲ್ಲೇ ಉಳಿದೆ. ಕೂಸಿಗೆ ಕಾಮಾಲೆ. ನಮ್ಮೂರು ಉಟಗಿಯಿಂದ ನನ್ನ ಬುತ್ತಿ ತರುವ ಎಸ್‌ಟಿ ಬಸ್ಸು ಬರುವ ಹೊತ್ತಿಗೆ ದಿನಾ ಸಿಸ್ಟರ್ ಬಂದು ಅದರ ಎಡ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯುತ್ತಿದ್ದಳು. ಕೂಸು ಉಸಿರು ಕಟ್ಟುವಂತೆ ಅಳುತ್ತಿತ್ತು. ಅದನ್ನು ಸಮಾಧಾನ ಮಾಡುತ್ತಿರುವಾಗಲೇ ಮಲ್ಲಪ್ಪನ ಫೋನು ಬರುತ್ತಿತ್ತು. “ಅತ್ತಿ, ಈಗ ಎಡಗಾಲು ಜಗ್ಗಿಕೊಂಡಳ್ರಿ!” ದಿನವಿಡೀ ಕಲ್ಲಿನಂತೆ ಮಲಗಿದವಳು ಅದೊಂದು ಸಲ ಮಾತ್ರ ಮಿಸುಕುತ್ತಿದ್ದಳಂತೆ. ಅವನಿಗೆ ಅಷ್ಟೇ ಆಸೆ. ನನಗೂ. ಇಲ್ಲಿ ಚುಚ್ಚುವುದೂ ಅಲ್ಲಿ ಕಾಲು ಜಗ್ಗುವುದೂ ಒಂದೇ ಹೊತ್ತಿಗೆ ಆಗುತ್ತಿವೆ ಎಂದು ನಾನೇ ಅವನಿಗೆ ಹೇಳಿದೆ.

ಒಂದು ದಿನ ಬೇರೆ ಸಿಸ್ಟರ್ ಬಂದಳು.

“ಆಯಿ, ಜಂಪರ ಗುಂಡಿ ಬಿಚ್ಚಿ ಕೂಸಿನ್ನ ಬರೀ ಎದಿ ಮ್ಯಾಲೆ ಹಾಕ್ಕೋರಿ. ಮೈಗೆ ಮೈ ಹತ್ತಿದ್ರ ನೋವು ಕಡಿಮಿ ಆಗ್ತೈತಿ.”

“ಈ ವಯಸ್ಸಿನಾಗ ಏನ ತಂಗಿ ಇದು?”

“ಕೂಸೇನು ನಿಮ್ಮ ವಯಸ್ಸು ಕೇಳತೈತೇನ್ರಿ?”

ಸುವರ್ಣಾಳ ಹಳೆಯ ಸೀರೆ ಹೊದ್ದು, ಕೂಸನ್ನು ಎದೆಗೆ ಹಚ್ಚಿಕೊಂಡೆ. ಸೂಜಿ ಚುಚ್ಚಿದಾಗ ಅದು ಒಮ್ಮೆ ಮುಖ ಕಿವುಚಿ ಮತ್ತೆ ನಿದ್ದೆಹೋಯಿತು. ನನ್ನ ಜೀವ ತಂಪಾಯಿತು. ಫೋನು ಮಾತ್ರ ಬರಲಿಲ್ಲ. ಬಿಚ್ಚಿಟ್ಟ ಬುತ್ತಿಯ ರೊಟ್ಟಿ ಒಣಗಿದ ಮೇಲೆ ಬಂತು.

“ಅತ್ತಿ, ಇವತ್ತ ಚುಚ್ಚಲಿಲ್ಲೇನ್ರಿ?”

ನಡೆದದ್ದು ಹೇಳಿದೆ. “ನಾಳಿಗೆ ಕೆಳಗ ಮಲಗಿಸಿ ಚುಚ್ಚಸ್ರಿ. ಅಳಲಿ ಬಿಡ್ರಿ,” ಎಂದ.

ಮರುದಿನ ಕೂಸನ್ನು ಕೆಳಗೆ ಮಲಗಿಸಿದೆ. ಸಿಸ್ಟರ್ ಅದರ ಕಾಲು ಹಿಡಿದಳು. ಅದು ನನ್ನ ಬೆರಳು ಹಿಡಿದಿತ್ತು. ನನ್ನಿಂದ ಆಗಲಿಲ್ಲ, ಎತ್ತಿ ಮತ್ತೆ ಎದೆಗೆ ಹಚ್ಚಿಕೊಂಡೆ. ಕೂಸು ಅಳಲಿಲ್ಲ. ಸಂಜೆಗೆ ಸುವರ್ಣಾ ಹೋದಳು. ಆ ಕಾಲು ಮತ್ತೆ ಅಲುಗಲೇ ಇಲ್ಲವಂತೆ.

ಅವಳಲ್ಲಿ ಮೊದಲೇ ಏನೂ ಉಳಿದಿರಲಿಲ್ಲ, ಕಾಲು ತಾನಾಗಿಯೇ ಜಗ್ಗುತ್ತಿತ್ತು ಎಂದರು ಡಾಕ್ಟರು. ಇರಬಹುದು. ಮಲ್ಲಪ್ಪ ಆ ಮಾತು ಎತ್ತುವುದಿಲ್ಲ. ಬಂದಾಗ ಮಗನನ್ನು ಎತ್ತಿಕೊಳ್ಳುತ್ತಾನೆ, ನನ್ನ ಮುಖ ನೋಡುವುದಿಲ್ಲ.

ಮೊಮ್ಮಗ ಈಗ ಬರಿಗಾಲಲ್ಲಿ ಓಡಾಡುತ್ತಾನೆ. ಮೊನ್ನೆ ಕಾಲಿಗೆ ಜಾಲಿಮುಳ್ಳು ನೆಟ್ಟು ಚೀರುತ್ತ ಬಂದ. ಎತ್ತಿಕೊಳ್ಳಲು ಬಾಗಿದವಳು ಒಂದು ಗಳಿಗೆ ಹಾಗೆಯೇ ನಿಂತೆ, ಗೂಡಿನಲ್ಲಿಟ್ಟ ಫೋನಿನ ಕಡೆ ಕಿವಿಗೊಟ್ಟು.